ನೇಪಾಳದಲ್ಲಿ ಲಾಂಛನ ಅನ್ನಬಾರದು

ಕೊಟ್ಟೂರು

ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾ ಕೂತಿದ್ದೆ. ಅಂಗಳದ ತುಂಬ ಬ್ಯಾಡಗಿ ಕಾಯಿ, ಮೂಗಿಗೆ ಕಟ್ಟಿದ ಸೆರಗು, ಉರಿಯುವ ಎರಡು ಕೈ. ನನ್ನ ನೆಗೆಣ್ಣಿ ಗಂಗಮ್ಮ, ಅಂದರೆ ನಮ್ಮ ಮೈದುನನ ಹೆಂಡತಿ, ಹೊಸ್ತಿಲಲ್ಲೇ ನಿಂತು ಸುದ್ದಿ ಹೇಳಿದಳು. ನೇಪಾಳದ ಪಶುಪತಿನಾಥನ ಯಾತ್ರೆಗೆ ಹೊರಟ ತಂಡದಲ್ಲಿ ಹಡಗಲಿಯ ಗಂಡ ಹೆಂಡತಿ ಹಿಂದೆ ಸರಿದಿದ್ದಾರೆ, ಎರಡು ಜಾಗ ಖಾಲಿ ಬಿದ್ದಿವೆ, ಸಂಜೆಯೊಳಗೆ ಹೂಂ ಅನ್ನಬೇಕು. ಅವಳು ಆಗಲೇ ಹೂಂ ಅಂದು ಬಂದಿದ್ದಳು. ನನ್ನ ಹೂಂ ಕೂಡ ಅವಳೇ ಹೇಳಿ ಬಂದಿದ್ದಳು.

ನಮ್ಮ ಯಜಮಾನರನ್ನು ಕೇಳಿದರೆ ಅವರು ಪೇಪರಿನಿಂದ ತಲೆ ಎತ್ತಲಿಲ್ಲ. "ಮೊದಲ ಖಾರ ಕುಟ್ಟಿಸು, ಆಮ್ಯಾಲೆ ನೇಪಾಳ," ಅಂದರು. ಬೇಡ ಅನ್ನದ ಗಂಡನನ್ನು ಕೊಟ್ಟದ್ದಕ್ಕೆ ಕೊಟ್ಟೂರೇಶ್ವರನಿಗೆ ಕೈ ಮುಗಿದೆ. ಖಾರ ಕುಟ್ಟಿಸಿ ಡಬ್ಬಿಗೆ ತುಂಬಿ, ಅದರಲ್ಲೇ ಒಂದು ಪಾಲು ಗಂಟು ಕಟ್ಟಿಕೊಂಡು ಹೊರಟೆ.

ನಾನು ಪರದೇಶ ಕಂಡವಳಲ್ಲ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ, ತವರಿಗೆ ಹೋದರೆ ಕೋಗಳಿ, ಇಷ್ಟೇ ನನ್ನ ತಿರುಗಾಟ. ನೇಪಾಳಕ್ಕೆ ಪಾಸ್‌ಪೋರ್ಟ್ ಬೇಕಿಲ್ಲ, ವೋಟಿನ ಗುರುತಿನ ಚೀಟಿ ಸಾಕು ಅಂದಾಗ ಧೈರ್ಯ ಬಂತು. ಭಾಷೆಯ ಚಿಂತೆಯೂ ಇರಲಿಲ್ಲ. ನನ್ನ ಹಿಂದಿ ಅಂದರೆ ಪಕ್ಕದ ಮನೆ ಮಾಬೂಬಿಯ ಉರ್ದು. ಅವಳ ಗಂಡ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಾನೆ. ಅವಳೂ ನಾನೂ ಎಷ್ಟೋ ವರ್ಷ ಹಿತ್ತಲ ಗೋಡೆಯ ಆಚೆ ಈಚೆ ನಿಂತು ಮಾತಾಡಿದ್ದೇವೆ. ಆ ಮಾತಿನಲ್ಲಿ ಅಡುಗೆ, ಜ್ವರ, ಬಾಣಂತನ, ಬೈಗುಳ ಎಲ್ಲಕ್ಕೂ ಪದ ಇವೆ. ಅದನ್ನೇ ನೆಚ್ಚಿಕೊಂಡಿದ್ದರೆ ನಾನು ಹೀಗೆ ಬರೆಯಲು ಕೂರುವ ಪ್ರಸಂಗವೇ ಬರುತ್ತಿರಲಿಲ್ಲ.

ಸುನೌಲಿ ಗಡಿ

ಗೋರಖಪುರದ ತನಕ ರೈಲು, ಅಲ್ಲಿಂದ ಬಸ್ಸು. ಗಡಿ ಅಂದರೆ ನಾನು ಏನೇನೋ ಅಂದುಕೊಂಡಿದ್ದೆ. ಒಂದು ಕಮಾನು, ಅಷ್ಟೆ. ಈ ಕಡೆ ಬಾಳೆಹಣ್ಣು ಮಾರುವವನು, ಆ ಕಡೆಯೂ ಬಾಳೆಹಣ್ಣು ಮಾರುವವನು. ಸೈಕಲ್ ರಿಕ್ಷಾದವರು, ಆಡಿನ ಮರಿ ಹೊತ್ತ ಹೆಂಗಸರು ನಮ್ಮ ಸಂತೆಗೆ ಹೋದಂತೆ ದಾಟುತ್ತಿದ್ದರು. ನಮ್ಮನ್ನು ಮಾತ್ರ ನಿಲ್ಲಿಸಿದರು. ಚೀಟಿಯ ಫೋಟೋದಲ್ಲಿ ನಾನು ತೀರಿಹೋದ ನಮ್ಮ ಅತ್ತೆಯಂತೆ ಕಾಣುತ್ತೇನೆ. ಪೊಲೀಸಿನವನು ಫೋಟೋ ನೋಡಿ, ನನ್ನ ನೋಡಿ, ಮತ್ತೆ ಫೋಟೋ ನೋಡಿದ. "ಸತ್ತು ಹೋದಾಕಿನ್ನ ಯಾಕ ಹುಡುಕತೀಯಪ್ಪ," ಎಂದು ಗಂಗಮ್ಮ ಕನ್ನಡದಲ್ಲಿ ಗೊಣಗಿದಳು.

ಕಮಾನಿನ ಆಚೆ ಒಂದು ಕಚೇರಿಯ ಮೇಲೆ ದೊಡ್ಡ ಚಿತ್ರ ಇತ್ತು. ಕೆಂಪು ಹೂವಿನ ಹಾರ, ಅದರೊಳಗೆ ಹಿಮದ ಗುಡ್ಡ, ಹಸಿರು ಗುಡ್ಡ, ಬಿಳಿ ನಕ್ಷೆ, ಅದರ ಕೆಳಗೆ ಒಂದನ್ನೊಂದು ಹಿಡಿದುಕೊಂಡ ಎರಡು ಕೈ. ಗಂಗಮ್ಮ ಅದನ್ನು ನೋಡಿದವಳೇ ಇದು ಲಗ್ನ ನೋಂದಣಿ ಆಫೀಸು ಅಂದುಬಿಟ್ಟಳು. ಹಾರ ಐತಿ, ಕೈ ಹಿಡಿಸ್ಯಾರ, ಇನ್ನೇನು ಬೇಕು? ನನಗೂ ಹೌದು ಅನ್ನಿಸಿತು. ಗಡಿಯಲ್ಲಿ ಮದುವೆ ಜಾಸ್ತಿ ಆಗುತ್ತವೇನೋ ಎಂದು ಮಾತಾಡಿಕೊಂಡೆವು. ಅದು ಆ ದೇಶದ ರಾಜಮುದ್ರೆ, ನಮ್ಮ ಸಿಂಹಗಳಿದ್ದ ಹಾಗೆ ಎಂದು ತಂಡದ ಹುಡುಗ ಹೇಳಿದ ಮೇಲೆ ನಾಚಿಕೆಯಾಯಿತು.

ಗಡಿ ದಾಟಿದ ಮೇಲೆ ಗಡಿಯಾರವನ್ನು ಕಾಲು ಗಂಟೆ ಮುಂದೆ ಇಡಿ ಅಂದರು. ಅರ್ಧ ಗಂಟೆ ಅಂದಿದ್ದರೆ ಒಪ್ಪಬಹುದಿತ್ತು. ಕಾಲು ಗಂಟೆಗಾಗಿ ಒಂದು ದೇಶದ ಜನ ಹಟ ಹಿಡಿಯುವುದೇ? ನಾನು ಇಡಲಿಲ್ಲ. ಇದರಿಂದ ಊಟದ ಸಾಲಿಗೆ ದಿನಾ ತಡವಾಗಿ ಹೋದೆ.

ಕಾಠ್ಮಂಡು, ಲಾಡ್ಜಿನ ಗೇಟು

ಪಶುಪತಿನಾಥನ ದರ್ಶನ ಚೆನ್ನಾಗಿಯೇ ಆಯಿತು. ನಾಲ್ಕು ಮುಖದ ಲಿಂಗ. ನೂಕುನುಗ್ಗಲಿನಲ್ಲಿ ಯಾರೋ ನನ್ನ ಕಾಲು ತುಳಿದರು, ಅದೇ ನೂಕಿನಲ್ಲಿ ನಾನು ಸರಿಯಾಗಿ ಬಾಗಿಲ ಎದುರಿಗೆ ಬಂದು ನಿಂತೆ. ತುಳಿಸಿಕೊಂಡದ್ದೂ ಒಂದು ಪುಣ್ಯವೇ. ಅಲ್ಲಿ ಪೂಜೆ ಮಾಡುವ ಭಟ್ಟರು ಹಿಂದಿನಿಂದಲೂ ನಮ್ಮ ಕರ್ನಾಟಕದ ಕಡೆಯವರಂತೆ. ಅದನ್ನು ಕೇಳಿ ಗಂಗಮ್ಮ ದೇವಸ್ಥಾನವನ್ನೇ ತವರುಮನೆ ಮಾಡಿಕೊಂಡು ಎದೆ ಉಬ್ಬಿಸಿ ನಡೆದಳು.

ನಾವು ಇಳಿದಿದ್ದು ಒಂದು ಹಳೆಯ ಲಾಡ್ಜು. ಅದರ ಮುದುಕ ಯಜಮಾನನನ್ನು ಎಲ್ಲರೂ ಬಾಜೆ ಅನ್ನುತ್ತಿದ್ದರು, ನಮ್ಮಲ್ಲಿ ಅಜ್ಜ ಅಂದಂತೆ. ಚಿಕ್ಕಂದಿನಲ್ಲಿ ಕಾಶಿಯಲ್ಲಿ ಓದಿದವರು, ಹಿಂದಿ ಚೆನ್ನಾಗಿತ್ತು. ಲಾಡ್ಜಿನ ಕಬ್ಬಿಣದ ಗೇಟಿನ ಮೇಲೆ ಒಂದು ತಗಡಿನ ಚಿತ್ರ ಬೆಸೆದಿತ್ತು. ಗಡಿಯಲ್ಲಿ ಕಂಡದ್ದಲ್ಲ, ಬೇರೆ. ಮೇಲೆ ಕಿರೀಟ, ಅಡ್ಡಡ್ಡ ಇಟ್ಟ ಎರಡು ಕುಕ್ರಿ ಕತ್ತಿ, ಅವುಗಳ ನಡುವೆ ಪುಟ್ಟ ಎರಡು ಪಾದ. ಕೆಳಗೆ ಹಸು, ಹಕ್ಕಿ. ಎಡಕ್ಕೂ ಬಲಕ್ಕೂ ಒಬ್ಬೊಬ್ಬ ಸಿಪಾಯಿ, ಒಬ್ಬ ಹಳೆಯ ಕಾಲದವನು, ಇನ್ನೊಬ್ಬ ಬಂದೂಕಿನವನು.

ಅದು ರಾಜರ ಕಾಲದ್ದು ಅಂದರು ಬಾಜೆ. ಪಾದಗಳು ಗುರು ಗೋರಖನಾಥರವು. ರಾಜ ಹೋದ, ಕಿರೀಟ ಹೋಯಿತು, ಅದರ ಜೊತೆ ಸಿಪಾಯಿಗಳು, ಕತ್ತಿ, ಪಾದ, ಹಸು ಎಲ್ಲ ಹೋಗಿ ಹೊಸ ಚಿತ್ರ ಬಂತು. ಗೇಟು ಇನ್ನೂ ಗಟ್ಟಿ ಇತ್ತು, ಅದಕ್ಕೇ ಅವರು ತೆಗೆಸಲಿಲ್ಲವಂತೆ.

ನನಗೆ ಸಿಟ್ಟು ಬಂತು. ಗುರುವಿನ ಪಾದ ತೆಗೆದು ಮನುಷ್ಯರ ಕೈ ಇಡುವುದೇ? ಕಿರೀಟ ತೆಗೀರಿ, ಕತ್ತಿ ತೆಗೀರಿ, ಪಾದ ಯಾರಿಗೆ ಏನು ಮಾಡಿತ್ತು? ನನಗೆ ಬಂದಷ್ಟು ಹಿಂದಿಯಲ್ಲಿ ಇದನ್ನೆಲ್ಲ ಅಂದೆ. ಬಾಜೆ ನಕ್ಕರು. ಅವರ ಹಿಂದಿಯನ್ನು ನಾನು ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ, ಮುಂದೆ ಉಳಿದವರದ್ದೂ ಹಾಗೆಯೇ. "ನೋಡಮ್ಮಾ, ಆ ಎರಡು ಕೈಯಲ್ಲಿ ಒಂದು ಹೆಂಗಸಿನದು. ಹಳೆಯದರಲ್ಲಿ ಹೆಂಗಸು ಎಲ್ಲಿದ್ದಳು? ಹಸು ಒಂದೇ ಇತ್ತು."

ಒಂದು ಮಾತ್ರ ಬದಲಾಗಿಲ್ಲ ಅಂತ ಅವರೇ ಮತ್ತೆ ಗೇಟಿನ ತಗಡಿನ ಕೆಳಗೆ ಬೆರಳಿಟ್ಟರು. ಪಟ್ಟಿಯ ಮೇಲೆ ನಾಗರಿ ಅಕ್ಷರ. ಶಾಲೆಯಲ್ಲಿ ಹಿಂದಿ ಅಕ್ಷರ ಕಲಿತ ಪುಣ್ಯ, ಓದಿಕೊಂಡೆ. ಮೊದಲ ಪದ ಜನನೀ. ಹೆತ್ತ ತಾಯಿ, ಹುಟ್ಟಿದ ನೆಲ, ಇವೆರಡೂ ಸ್ವರ್ಗಕ್ಕಿಂತ ಮೇಲು ಎಂದು ಅದರ ಅರ್ಥ. ರಾಜನ ಚಿತ್ರದಲ್ಲೂ ಅದೇ, ರಾಜನಿಲ್ಲದ ಚಿತ್ರದಲ್ಲೂ ಅದೇ. ಪಾದ ಹೋದರೂ ತಾಯಿ ಉಳಿದಳಲ್ಲ ಎಂದು ಸಮಾಧಾನ ಮಾಡಿಕೊಂಡೆ.

ನಮ್ಮದೂ ಒಂದು ಇದೆ ಎಂದು ಬಾಜೆಗೆ ಹೇಳದೆ ಇರಲಾಗಲಿಲ್ಲ. ಎರಡು ತಲೆಯ ಗಂಡಭೇರುಂಡ, ಅಕ್ಕಪಕ್ಕ ಆನೆಯ ಮುಖ ಸಿಂಹದ ಮೈ ಇರುವ ಪ್ರಾಣಿಗಳು. ಮೈಸೂರು ಅರಸರ ಹಕ್ಕಿ ಅದು. ನಮ್ಮ ಸೀಮೆ ಆಗ ಮದರಾಸಿಗೆ ಸೇರಿತ್ತು, ಆ ಹಕ್ಕಿ ನಮ್ಮ ಕಾಗದಗಳ ಮೇಲೆ ಬಂದು ಕೂತದ್ದು ಆಮೇಲೆ. ಗಂಗಮ್ಮನ ತವರು ಹರಪನಹಳ್ಳಿ, ಅವಳಿಗೆ ಅವಳದೇ ದೂರು. "ಹಕ್ಕಿ ಅಲ್ಲೇ ಐತೆ, ಕೆಳಗಿನ ಜಿಲ್ಲೆ ಹೆಸರು ಮಾತ್ರ ಹಾರ್ತಾ ಐತೆ. ಬಳ್ಳಾರಿ ಅಂದ್ರು, ದಾವಣಗೆರೆ ಅಂದ್ರು, ಮತ್ತೆ ಬಳ್ಳಾರಿ ಅಂದ್ರು, ಈಗ ವಿಜಯನಗರ. ಬೋರ್ಡ್ ಬರೆಯೋನು ಮನೆ ಕಟ್ಟಿಸಿದ." ಇದನ್ನು ಹಿಂದಿಗೆ ತರಲು ನನ್ನಿಂದ ಆಗಲಿಲ್ಲ. ಆದರೂ ಬಾಜೆ ನಕ್ಕರು.

ಕಾಠ್ಮಂಡು, ದಾರಿ ಕಟ್ಟಿದ ದಿನ

ಮರುದಿನ ಹೊರಡಬೇಕಿತ್ತು. ಮಳೆಗೆ ಗುಡ್ಡ ಕುಸಿದು ದಾರಿ ಮುಚ್ಚಿತು, ಯಾವಾಗ ತೆರೆಯುತ್ತದೋ ಯಾರಿಗೂ ಗೊತ್ತಿಲ್ಲ ಅಂದರು. ಬಸ್ಸು ಆ ಗುಡ್ಡದ ಕೆಳಗೆ ಇದ್ದ ಹೊತ್ತಿನಲ್ಲಿ ಕುಸಿಯಲಿಲ್ಲವಲ್ಲ, ಅದನ್ನು ನೆನೆದು ವಿಭೂತಿ ಹಚ್ಚಿಕೊಂಡೆ.

ಮಾಡಲು ಕೆಲಸವಿಲ್ಲದೆ ನಾವಿಬ್ಬರೂ ಅಡುಗೆಮನೆ ಸೇರಿದೆವು. ಅಲ್ಲಿ ಅಡುಗೆ ಮಾಡುವವಳು ಸಾವಿತ್ರಿ. ನಲವತ್ತರ ಒಳಗಿನ ಹೆಂಗಸು, ಮಾತು ಕಡಿಮೆ, ಕೈ ಚುರುಕು. ಬೇಳೆ ಅನ್ನ, ಸೊಪ್ಪಿನ ಪಲ್ಯ, ದಿನಾ ಅದೇ. ಸೊಪ್ಪಿಗೆ ಒಗ್ಗರಣೆ ಹಾಕುತ್ತಾರೆ, ಖಾರ ಹಾಕಲು ಮನಸ್ಸಿಲ್ಲ. ನಾನು ನನ್ನ ಗಂಟು ಬಿಚ್ಚಿದೆ. ಸಾವಿತ್ರಿ ಒಂದು ಚಿಟಿಕೆ ನಾಲಿಗೆಗೆ ಇಟ್ಟುಕೊಂಡು ಕಣ್ಣಲ್ಲಿ ನೀರು ತಂದುಕೊಂಡಳು, ಆಮೇಲೆ ಇನ್ನೊಂದು ಚಿಟಿಕೆ ಕೇಳಿದಳು. ಅಲ್ಲಿಗೆ ಸ್ನೇಹ ಆಯಿತು. ಅವಳ ಮಗಳು ಮನೀಷಾ ಹನ್ನೆರಡನೆಯ ತರಗತಿ ಮುಗಿಸಿದ್ದಾಳೆ, ನರ್ಸಿಂಗ್ ಓದಲು ಸೀಟು ಸಿಕ್ಕಿದೆ ಎಂದು ಹೇಳಿಕೊಂಡಳು. ಹುಡುಗಿ ಅಲ್ಲೇ ಮೂಲೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದಳು.

ಡಬ್ಬಿಗಳ ಪಕ್ಕ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕಾಗದಗಳಿದ್ದವು. ಮೇಲಿನ ಕಾಗದದ ನೆತ್ತಿಯಲ್ಲಿ ಆ ಎರಡು ಕೈಯ ಚಿತ್ರ. ಬಾಜೆಯಿಂದ ಕಲಿತದ್ದನ್ನು ತೋರಿಸಿಕೊಳ್ಳುವ ಆಸೆ ನನಗೆ. ಗುರುತಿಗೆ ಮಾಬೂಬಿ ನಿಶಾನಿ ಅನ್ನುತ್ತಾಳೆ, ಅದನ್ನೇ ಅನ್ನಲು ಬಾಯಿ ತೆರೆದೆ. ಗಂಗಮ್ಮ ಮೊಣಕೈಯಿಂದ ತಿವಿದಳು. "ನಿಶಾನಿ ಗಿಶಾನಿ ಸಂತೆ ಮಾತು ಬ್ಯಾಡ ಅಕ್ಕ. ಇದು ದೇವಭೂಮಿ, ಸಂಸ್ಕೃತದ್ದು ಹಾಕು." ಸರಿ, ಹಾಕಿದೆ.

"ಇದು ನಿನ್ನ ಲಾಂಛನ ಅಲ್ಲವಾ? ನನಗೆ ಎಲ್ಲಾ ಗೊತ್ತು. ಬಹಳ ಚೆನ್ನಾಗಿದೆ," ಅಂದೆ.

ಸಾವಿತ್ರಿಯ ಕೈ ಸೊಪ್ಪಿನಲ್ಲೇ ನಿಂತಿತು. ಹುಡುಗಿ ಚಾಕು ಕೆಳಗಿಟ್ಟಳು. ಯಾರು ಹೇಳಿದರು ಎಂದು ಸಾವಿತ್ರಿ ಕೇಳಿದಳು, ಬಾಜೆ ಹೇಳಿದರಾ? ಹೌದು, ಬಾಜೆ ಎಲ್ಲವನ್ನೂ ವಿವರಿಸಿ ಹೇಳಿದರು, ಮೊದಲು ಹೇಗಿತ್ತು ಈಗ ಹೇಗಿದೆ ಎಂದು ನಾನು ಇನ್ನಷ್ಟು ಉತ್ಸಾಹದಿಂದ ಅಂದೆ. ಅವಳು ಕೈ ತೊಳೆದುಕೊಂಡು ಹಿತ್ತಲಿಗೆ ಹೋಗಿಬಿಟ್ಟಳು.

ಮನೀಷಾ ನನ್ನನ್ನು ನೋಡಿದ ನೋಟ ಈಗಲೂ ಮುಖಕ್ಕೆ ಹೊಡೆದಂತೆ ಇದೆ. ಲಾಂಛನ ಅಂದರೆ ಏನು ಎಂದು ಅವಳೇ ತಡೆದು ತಡೆದು ಕೇಳಿದಳು. ನಾನು ಕಾಗದದ ಚಿತ್ರ ತೋರಿಸಿದೆ. ಹುಡುಗಿ ಹಣೆ ಬಡಿದುಕೊಂಡಳು. ಅಲ್ಲಿ, ಹಿಂದಿಯಲ್ಲೂ ಅವರ ನೇಪಾಳಿಯಲ್ಲೂ, ಲಾಂಛನ ಅಂದರೆ ಕಳಂಕ. ಹೆಂಗಸಿನ ಶೀಲಕ್ಕೆ ಮೆತ್ತುವ ಮಸಿ. ನಾನು ಆ ತಾಯಿಯನ್ನು ಅವಳ ಒಲೆಯ ಮುಂದೆ ನಿಲ್ಲಿಸಿ, ಮಗಳ ಎದುರಿಗೆ, ನಿನ್ನ ಕಳಂಕ ನನಗೆ ಗೊತ್ತು, ಬಹಳ ಚೆನ್ನಾಗಿದೆ ಎಂದು ಹೇಳಿದ್ದೆ.

ನಮ್ಮಲ್ಲಿ ಲಾಂಛನ ಎಂಥ ಪದ. ಜಂಗಮರ ಕಾವಿ, ವಿಭೂತಿ, ರುದ್ರಾಕ್ಷಿ, ಅದಕ್ಕೆ ನಾವು ಲಾಂಛನ ಅನ್ನುತ್ತೇವೆ. ಲಾಂಛನ ಕಂಡರೆ ಶರಣು ಅನ್ನಬೇಕು ಎಂದು ನಮ್ಮ ಅವ್ವ ಕಲಿಸಿದ್ದಳು. ಅದೇ ಪದ ಗುಡ್ಡ ಹತ್ತಿ ಹೋಗಿ ಹೆಂಗಸರ ಬೈಗುಳ ಆಗಿ ಕೂತಿದೆ.

ಹಿತ್ತಲಿಗೆ ಓಡಿದೆ. ಸಾವಿತ್ರಿಯ ಕೈ ಹಿಡಿದು, ಕಿವಿ ಹಿಡಿದುಕೊಂಡು, ಮಾಬೂಬಿಯ ಮಾತಿನಲ್ಲೇ ಎಲ್ಲವನ್ನೂ ಹೇಳಿದೆ. "ನೀವು ತಪ್ಪಾಗಿ ಅಂದಿರಿ. ಊರವರು ಸರಿಯಾಗಿಯೇ ಅನ್ನುತ್ತಾರೆ," ಅಂದಳು.

ಆಮೇಲೆ ಹೇಳಿದ್ದು ಇಷ್ಟು. ಪಕ್ಕದ ಊರು ಪಾಟನ್‌ನಲ್ಲಿ ಒಬ್ಬ ಹಿತ್ತಾಳೆ ಪಾತ್ರೆ ವ್ಯಾಪಾರಿ. ಗುಡಿಯಲ್ಲಿ ಅವಳ ಬೈತಲೆಗೆ ಕುಂಕುಮ ಇಟ್ಟ, ಮೂರು ವರ್ಷ ಸಂಸಾರ ಮಾಡಿದ, ಮನೀಷಾ ಹುಟ್ಟಿದಳು. ಕಾಗದದ ಮೇಲೆ ಏನೂ ಇಲ್ಲ. ಅವನ ಮನೆಯವರು ಬೇರೆ ಮದುವೆ ಮಾಡಿದರು, ಅವನು ಈ ಕಡೆ ನೋಡುವುದನ್ನು ಬಿಟ್ಟ. ಈಗ ಹುಡುಗಿಗೆ ಪೌರತ್ವದ ಪ್ರಮಾಣಪತ್ರ ಬೇಕು. ಅದಿಲ್ಲದೆ ಅಲ್ಲಿ ಏನೂ ಇಲ್ಲ, ಕಾಲೇಜೂ ಇಲ್ಲ. ಈ ವಾರ ಮುಗಿಯುವುದರೊಳಗೆ ತರದಿದ್ದರೆ ನರ್ಸಿಂಗ್ ಸೀಟು ಇನ್ನೊಬ್ಬರಿಗೆ. ಮರುದಿನ ಬೆಳಗ್ಗೆ ವಾರ್ಡ್ ಕಚೇರಿಗೆ ಹೋಗುವುದಿತ್ತು, ಅವಳ ಜೊತೆ ಹೋಗಲು ಅವಳ ಅಣ್ಣತಮ್ಮಂದಿರೂ ಒಪ್ಪಿರಲಿಲ್ಲ.

ನಾನು ಬರುತ್ತೇನೆ ಅಂದೆ. ಅಂದ ಮಾತಿನ ದಂಡ ಅಂತಲೇ ಇಟ್ಟುಕೊಳ್ಳಿ.

ವಾರ್ಡ್ ಕಚೇರಿ

ಗುಮಾಸ್ತ ಕೆಟ್ಟವನಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಒಳ್ಳೆಯ ಮನುಷ್ಯ. ಕುರ್ಚಿ ಕೊಟ್ಟ, ಚಹಾ ತರಿಸಿದ, ಯಾತ್ರೆಗೆ ಬಂದವರು ಎಂದು ನನಗೆ ನಮಸ್ಕಾರವನ್ನೂ ಮಾಡಿದ. ಅವನ ತಲೆಯ ಮೇಲೆ, ಗೋಡೆಯಲ್ಲಿ, ಹೂವಿನ ಹಾರದ ಆ ಚಿತ್ರ ನಮ್ಮ ದೊಡ್ಡ ಹಿತ್ತಾಳೆ ತಟ್ಟೆಯಷ್ಟು ಅಗಲಕ್ಕೆ ಇತ್ತು.

ತಂದೆ ಬಂದು ಸಹಿ ಮಾಡಬೇಕು ಅಂದ. ಬರುವುದಿಲ್ಲ ಅಂದಳು ಸಾವಿತ್ರಿ. ಹಾಗಾದರೆ ಇನ್ನೊಂದು ದಾರಿ ಇದೆ, ಮಗುವಿನ ತಂದೆ ಯಾರು ಎಂದು ಗೊತ್ತಿಲ್ಲ ಎಂದು ತಾಯಿ ಬರೆದುಕೊಡಲಿ, ಆಗ ತಾಯಿಯ ಹೆಸರಿನಲ್ಲೇ ಆಗುತ್ತದೆ ಎಂದು ಉಪಕಾರ ಮಾಡುವವನ ಹಾಗೆ ಹೇಳಿದ.

"ಗೊತ್ತಿದೆ," ಅಂದಳು ಸಾವಿತ್ರಿ. "ಹೆಸರು ಹೇಳುತ್ತೇನೆ. ಅಂಗಡಿ ತೋರಿಸುತ್ತೇನೆ."

"ಗೊತ್ತಿದ್ದರೆ ಅವರು ಬರಬೇಕು."

"ಬರುವುದಿಲ್ಲ."

"ಹಾಗಾದರೆ ಗೊತ್ತಿಲ್ಲ ಎಂದು ಬರೆಯಿರಿ."

ಹೇಳ್ರಿ ನೋಡೋಣ, ಇದು ಯಾವ ನ್ಯಾಯ? ಗುಡಿಯಲ್ಲಿ ಕುಂಕುಮ ಇಟ್ಟವನನ್ನು, ಮೂರು ವರ್ಷ ಉಣ್ಣಲು ಬಡಿಸಿಕೊಂಡವನನ್ನು, ಬಸ್ಸು ಇಳಿದರೆ ಮುಖ ಕಾಣುವವನನ್ನು, ಯಾರೋ ಗೊತ್ತಿಲ್ಲ ಅನ್ನಬೇಕಂತೆ. ಅವನ ಮೇಲೆ ಒಂದು ಚುಕ್ಕೆಯೂ ಬೀಳುವುದಿಲ್ಲ. ಯಾರ ಮಗುವೋ ಗೊತ್ತಿಲ್ಲದ ಹೆಂಗಸು ಎಂದು ಇವಳು ತನ್ನ ಕೈಯಾರೆ ಬರೆದುಕೊಂಡು ಕೆಳಗೆ ಹೆಬ್ಬೆಟ್ಟು ಒತ್ತಬೇಕು. ನಾನು ಬಾಯಿ ತಪ್ಪಿ ಅಂದದ್ದನ್ನು ಸರ್ಕಾರ ಬರೆಸಿಕೊಂಡು ಮೊಹರು ಹಾಕುತ್ತದೆ.

ನನ್ನ ಚಹಾ ಆರಿಹೋಯಿತು. ಭಾಯ್‌ಸಾಬ್, ನಿಮ್ಮ ತಲೆಯ ಮೇಲಿನ ಚಿತ್ರದಲ್ಲಿ ಆ ಎರಡನೆಯ ಕೈ ಯಾರದು ಎಂದು ಕೇಳಿದೆ. ಅವನು ಕತ್ತು ತಿರುಗಿಸಿ ನೋಡಿದ. ಮಹಿಳೆಯದು, ಸಮಾನತೆಯ ಗುರುತು ಎಂದು ಪಾಠ ಒಪ್ಪಿಸಿದ. ಕೆಳಗೆ ಬರೆದದ್ದು ಏನು ಅಂದೆ. ಅದನ್ನೂ ಓದಿದ. ಮೊದಲ ಪದ ಮತ್ತೆ ಓದಿ ಅಂದೆ.

"ಜನನೀ."

"ಹಾಗಾದರೆ ಇಲ್ಲಿ ಕೂತವಳು ಯಾರು? ಸ್ವರ್ಗಕ್ಕಿಂತ ಮೇಲು ಅಂತ ಬರೆದುಕೊಂಡಿದ್ದೀರಿ. ಒಂದು ಹೆಸರು ಹೇಳಿದರೆ ನಂಬೋದಿಲ್ಲವಾ?"

ಅವನು ಬೇಸರ ಮಾಡಿಕೊಳ್ಳಲಿಲ್ಲ. ಎದ್ದು ನಿಂತು ಬಹಳ ಮೆತ್ತಗೆ ಹೇಳಿದ: "ಅಮ್ಮಾ, ಅದು ನಿಶಾನ್ ಛಾಪ್. ಇದು ನಿಯಮ."

ರಾಜಮುದ್ರೆಗೆ ಅವರು ನಿಶಾನ್ ಛಾಪ್ ಅನ್ನುತ್ತಾರೆ. ಮಾಬೂಬಿಯ ಗೋಡೆಯ ಮೇಲಿನ ಮಾತೇ ಅಲ್ಲಿ ಸರ್ಕಾರದ ಪದ. ಅದನ್ನು ಬಿಟ್ಟು ದೊಡ್ಡ ಪದ ಹುಡುಕಲು ಹೋಗಿದ್ದೆ.

ಹೊರಗೆ ಮೆಟ್ಟಿಲ ಮೇಲೆ ತಾಯಿ ಮಗಳಿಗೆ ಮಾತಾಯಿತು. ಅವರ ಭಾಷೆ ನನಗೆ ಬಾರದು, ಆದರೆ ಮನೀಷಾ ಕೊನೆಗೆ ಹಿಂದಿಯಲ್ಲಿ, ನಾನೂ ಕೇಳಲಿ ಎಂದೇ ಇರಬೇಕು, ಹೇಳಿದಳು. "ಬರೆದುಬಿಡು ಆಮಾ. ನನಗೇನೂ ಅನ್ನಿಸುವುದಿಲ್ಲ." ಆಮಾ ಅಂದರೆ ಅಮ್ಮ, ನಮ್ಮದೇ ಪದ. "ನನಗೆ ಅನ್ನಿಸುತ್ತದೆ," ಅಂದಳು ತಾಯಿ. ಹುಡುಗಿ ಮುಂದೆ ಮುಂದೆ ನಡೆದು ಹೋದಳು.

ನೇಪಾಳದವರನ್ನು ಬೈದು ಸುಮ್ಮನಾಗಲು ನನಗೆ ಬಾಯಿಲ್ಲ. ನಮ್ಮ ಮನೆಗೆ ಶೇಂಗಾ ಬಿಡಿಸಲು ಬರುವ ಹುಲಿಗೆಮ್ಮ ಕಾನಹೊಸಹಳ್ಳಿ ಕಡೆಯವಳು, ಅವಳ ತಾಯಿಯನ್ನು ಚಿಕ್ಕಂದಿನಲ್ಲಿ ದೇವರಿಗೆ ಬಿಟ್ಟಿದ್ದರು. ಹುಲಿಗೆಮ್ಮನನ್ನು ಶಾಲೆಗೆ ಸೇರಿಸುವಾಗ ತಂದೆ ಹೆಸರು ಕೇಳಿದರಂತೆ. ಇಲ್ಲ ಅಂದರೆ, ಯಾವುದಾದರೂ ಒಂದು ಹೇಳು, ಖಾನೆ ಖಾಲಿ ಬಿಡಬಾರದು ಅಂದರಂತೆ. ತಾಯಿ ದೇವರ ಹೆಸರು ಹೇಳಿದಳು. ಹುಡುಗರು ಅದನ್ನೇ ಹಿಡಿದು ಆಡಿಕೊಂಡು ನಕ್ಕರು, ಅವಳು ಮೂರನೆಯ ಇಯತ್ತೆಗೆ ಶಾಲೆ ಬಿಟ್ಟಳು. ನಮ್ಮಲ್ಲಿ ಇಲ್ಲದ ಹೆಸರು ಬರೆಸಿದರು, ಅಲ್ಲಿ ಇರುವ ಹೆಸರನ್ನು ಇಲ್ಲ ಅನ್ನಿಸುತ್ತಾರೆ. ನಮ್ಮ ಸಿಂಹಗಳ ಕೆಳಗೂ ಸತ್ಯವೇ ಗೆಲ್ಲುತ್ತದೆ ಎಂದು ಬರೆದಿದೆ.

ಪಾಟನ್, ಹಿತ್ತಾಳೆ ಅಂಗಡಿ

ಅಂಗಡಿಗೆ ಹೋಗೋಣ ಅಂದದ್ದು ಗಂಗಮ್ಮ. ಸಾವಿತ್ರಿಗೆ ಹೇಳಲಿಲ್ಲ. ಅಂಗಡಿಯ ಗುರುತನ್ನು ಬಾಜೆಯಿಂದ ಕೇಳಿಕೊಂಡು, ಪಾತ್ರೆ ಕೊಳ್ಳುವವರ ಹಾಗೆ ಹೋದೆವು.

ಚೆಂದದ ಅಂಗಡಿ. ದೇವರ ಪಟಗಳಿಗೆ ಹೊಸ ಹೂವು. ವ್ಯಾಪಾರಿ ಹಣೆಗೆ ತಿಲಕ ಇಟ್ಟುಕೊಂಡು, ಎಷ್ಟು ಮರ್ಯಾದಸ್ಥ ಅಂದರೆ ಗಂಗಮ್ಮ ಒಂದು ಚೊಂಬು ಹಿಡಿದು ಕೆಳಗೆ ತಟ್ಟಿ, ಮೇಲೆ ತಟ್ಟಿ, ಬೆಳಕಿಗೆ ಹಿಡಿದು ತೂತು ಹುಡುಕಿದರೂ ಬೇಸರಿಸಲಿಲ್ಲ. ಮನೀಷಾಳ ಹುಬ್ಬು ಅವನ ಮುಖದಲ್ಲಿ ಹಾಗೇ ಇತ್ತು.

ನಿಮ್ಮ ಮಗಳು ಪಾಸಾಗಿದ್ದಾಳೆ, ನರ್ಸ್ ಆಗುತ್ತಾಳೆ, ನಿಮ್ಮದೊಂದು ಸಹಿ ಬೇಕು ಅಂದೆ. ಜಗಳದ ದನಿಯಲ್ಲಿ ಹೇಳಲಿಲ್ಲ, ಶುಭ ಸುದ್ದಿ ಹೇಳುವ ಹಾಗೆ ಹೇಳಿದೆ.

ಅವನು ಒಳಬಾಗಿಲ ಕಡೆ ನೋಡಿದ. ಒಳಗೆ ಯಾರೋ ಹೆಂಗಸು ಮಗುವಿಗೆ ಊಟ ಮಾಡಿಸುತ್ತಿದ್ದ ಸದ್ದು. ಅವನು ಗಂಗಮ್ಮನ ಕೈಯಿಂದ ಚೊಂಬು ತೆಗೆದುಕೊಂಡು, ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ, ನಮ್ಮ ಮುಂದೆ ಇಟ್ಟ. ಹಣ ಬೇಡ, ದೇವರ ಯಾತ್ರೆಗೆ ಬಂದವರು, ಇಟ್ಟುಕೊಳ್ಳಿ ಅಂದ.

ನಾನು ಚೊಂಬನ್ನು ಅಲ್ಲೇ ಬಿಟ್ಟೆ. ಗಂಗಮ್ಮ ಹಾಗೆ ಬಿಡುವವಳಲ್ಲ. "ಚೊಂಬು ಕೊಡಾಕೆ ಕೈ ಬರ್ತತಿ, ಸಹಿ ಮಾಡಾಕೆ ಬರಲ್ವಾ ನಿಂಗೆ," ಎಂದು ಅಚ್ಚ ಹರಪನಹಳ್ಳಿ ಕನ್ನಡದಲ್ಲಿ ಕೇಳಿದಳು. ಒಂದಕ್ಷರ ಅವನಿಗೆ ತಿಳಿದಿರಲಾರದು. ಆದರೂ ತಲೆ ಎತ್ತಲಿಲ್ಲ.

ಹೊರಡುವ ಬೆಳಗ್ಗೆ

ದಾರಿ ತೆರೆಯಿತು ಎಂದು ಸುದ್ದಿ ಬಂತು, ತಂಡದವರು ಗದ್ದಲ ಮಾಡುತ್ತಾ ಬಸ್ಸು ಹತ್ತಿದರು. ಸಾವಿತ್ರಿ ಗೇಟಿನ ತನಕ ಬಂದಳು. ಉಳಿದ ಖಾರದ ಗಂಟನ್ನೂ ನನ್ನ ಫೋನ್ ನಂಬರನ್ನೂ ಅವಳ ಕೈಗೆ ಕೊಟ್ಟೆ. ನಾವು ಅಂಗಡಿಗೆ ಹೋಗಿದ್ದು ಅವಳಿಗೆ ಹೇಗೋ ತಿಳಿದಿತ್ತು. ಬರಲಿಲ್ಲ ಅಲ್ಲವಾ ಎಂದಷ್ಟೇ ಕೇಳಿದಳು.

ಏನು ಮಾಡುತ್ತೀ ಎಂದು ಕೇಳಿದೆ. ಗೊತ್ತಿಲ್ಲ ಅಂದಳು. ಬರೆದುಬಿಡು, ಹುಡುಗಿಯ ಬಾಳು ದೊಡ್ಡದು ಅನ್ನಲು ನನಗೆ ಬಾಯಿ ಬಂತು. ಬರೆಯಬೇಡ, ನೀನು ಯಾಕೆ ಸುಳ್ಳಾಗಬೇಕು ಅನ್ನಲೂ ಬಂತು. ಎರಡನ್ನೂ ನುಂಗಿಕೊಂಡೆ. ಪಾದ ತೆಗೆದರೆಂದು ಮೊದಲ ದಿನ ಅಷ್ಟು ಸಿಟ್ಟು ಮಾಡಿದ್ದೆನಲ್ಲ, ಆ ಸಿಟ್ಟು ಈಗ ಹುಡುಕಿದರೂ ಇರಲಿಲ್ಲ. ಕೈ ಇಟ್ಟಿದ್ದೀರಿ, ಸಂತೋಷ, ಇಟ್ಟ ಮೇಲೆ ಹಿಡಿಯಿರಿ ಎಂದು ಯಾರಿಗೆ ಹೇಳಬೇಕೋ ತಿಳಿಯದೆ ದಾರಿಯುದ್ದಕ್ಕೂ ಕಿಟಕಿಗೆ ಹೇಳಿದೆ.

ಮತ್ತೆ ಕೊಟ್ಟೂರು

ಮನೆಗೆ ಬಂದರೆ ಯಜಮಾನರು ಸಣಕಲಾಗಿದ್ದರು, ಪಾತ್ರೆಗಳೆಲ್ಲ ಕಪ್ಪಾಗಿದ್ದವು, ಮನೆ ಮಾತ್ರ ಎದ್ದು ನಿಂತಿತ್ತು. ಅದೇ ದೊಡ್ಡದು. ರೇಷನ್ ತರಲು ಹೋದಾಗ ಕಾರ್ಡಿನಲ್ಲಿ ಕುಟುಂಬದ ಯಜಮಾನಿ ಎಂದು ನನ್ನ ಹೆಸರು ನೋಡಿದೆ. ಎಷ್ಟು ಸಲ ನೋಡಿದ್ದೇನೋ, ಅವತ್ತು ಎರಡು ಸಲ ಓದಿದೆ. ಪಕ್ಕದಲ್ಲಿ ಹುಲಿಗೆಮ್ಮ ಚೀಲ ಹಿಡಿದು ನಿಂತಿದ್ದಳು, ಅವಳ ಕಾರ್ಡಿನಲ್ಲೂ ಅವಳೇ ಯಜಮಾನಿ. ಇದನ್ನು ಲೆಕ್ಕಕ್ಕೆ ಹಿಡಿಯಬೇಕು.

ಎರಡು ದಿನ ಬಿಟ್ಟು ಸಾವಿತ್ರಿಯ ಫೋನ್ ಬಂತು. ಮಗಳಿಗೆ ಪ್ರಮಾಣಪತ್ರ ಆಯಿತು, ಸೀಟೂ ಉಳಿಯಿತು ಅಂದಳು.

ಅವನು ಬಂದನಾ ಎಂದು ಕೇಳಿದೆ.

"ಇಲ್ಲ ದೀದಿ. ಬರೆದುಕೊಟ್ಟೆ. ಆ ಚಿತ್ರದ ಕೆಳಗೆ ಕೂತೇ ಬರೆದೆ. ಗುಮಾಸ್ತರು ಓದಿ ನೋಡಿ, ಈಗ ಸರಿಯಾಯಿತು ಅಂದರು."

ನಿಜ ಹೇಳಿದಾಗ ಸರಿ ಇರಲಿಲ್ಲ, ಸುಳ್ಳು ಬರೆದಾಗ ಸರಿಯಾಯಿತು. ಮಗಳು ಏನಂದಳು ಎಂದು ಕೇಳಿದೆ.

ಬರುವಾಗ ಪಾಟನ್‌ನ ಆ ಬೀದಿಯಲ್ಲೇ ಬಂದರಂತೆ. ಸಾವಿತ್ರಿ ಯಾವತ್ತೂ ತಲೆ ತಗ್ಗಿಸಿ ದಾಟುವ ಅಂಗಡಿ. ಮನೀಷಾ ಅವಳ ಕೈ ಹಿಡಿದು ಎದುರಿಗೇ ನಿಲ್ಲಿಸಿದಳಂತೆ. ಅವನು ಗಿರಾಕಿಗಳಿಗೆ ಪಾತ್ರೆ ತೋರಿಸುತ್ತಿದ್ದ. ಎಲ್ಲರಿಗೂ ಕೇಳುವ ಹಾಗೆ ಹುಡುಗಿ, "ಇವರು ಯಾರು ಆಮಾ?" ಅಂದಳಂತೆ.

"ನೀನೇನಂದೆ?"

"ನೇರವಾಗಿ ಅವನ ಮುಖ ನೋಡಿದೆ ದೀದಿ. ಗೊತ್ತಿಲ್ಲ ಅಂದೆ. ಸರ್ಕಾರಕ್ಕೂ ಬರೆದುಕೊಟ್ಟಿದ್ದೇನೆ ಅಂದೆ."

ಅವನು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು ಒಳಗೆ ಹೋದನಂತೆ.

ಫೋನ್ ಇಟ್ಟೆ. ಒಲೆಯ ಮೇಲೆ ಎಸರು ಕುದಿಯುತ್ತಿತ್ತು. ಜೋಳದ ಹಿಟ್ಟಿಗೆ ಸುರಿದು ರೊಟ್ಟಿಗೆ ಕಲಸಲು ಕೂತೆ.